ತಕರಾರು ಕೂರಲಿಲ್ಲ

ಹುಟ್ಟಿದಾಗ ಅವಳಿಗೆ ಚೆಂದದ ಹೆಸರನ್ನೇ ಇಟ್ಟಿದ್ದರು. ಪಾಪ, ಆ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಮಾತು ಬಂದ ದಿನದಿಂದ ಹುಡುಗಿ ಒಂದಲ್ಲ ಒಂದು ತಗಾದೆ ತೆಗೆಯುತ್ತಲೇ ಇದ್ದಳು. ಹಾಲು ಬಿಸಿ, ಅಂಗಿ ಚುಚ್ಚುತ್ತದೆ, ಪಕ್ಕದ ಮನೆಯ ಹುಡುಗ ಗೋಡೆ ಹತ್ತಿದರೆ ಯಾರೂ ಬೈಯುವುದಿಲ್ಲ, ನನ್ನನ್ನು ಮಾತ್ರ ಯಾಕೆ ಬೈಯುತ್ತೀರಿ? ಅಪ್ಪ ಬೆಳಿಗ್ಗೆ ಎದ್ದವನೇ ನಗುತ್ತಾ, "ನಮ್ಮ ತಕರಾರು ಎದ್ದಳಾ?" ಎಂದು ಕೇಳುತ್ತಿದ್ದ. ಅಪ್ಪ ಕರೆದದ್ದನ್ನು ಅಮ್ಮ ಕರೆದಳು, ಅಮ್ಮ ಕರೆದದ್ದನ್ನು ಬೀದಿ ಕರೆಯಿತು. ಬೆಳೆದು ದೊಡ್ಡವಳಾದ ಮೇಲೂ ಅವಳು ತಕರಾರೇ.

ಅಪ್ಪನ ಕಸುಬು ಬೆತ್ತದ ಕುರ್ಚಿ ಹೆಣೆಯುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಲ್ಲಿನ ತೊಟ್ಟಿಯಲ್ಲಿ ಬೆತ್ತ ನೆನೆಯುತ್ತಿರುತ್ತದೆ, ನೆಲದ ಮೇಲೆ ಸಿಪ್ಪೆ ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ, ಒಳಗೆ ಹೋಗಬೇಕಾದವರು ಕಾಲು ಎತ್ತಿಟ್ಟು ದಾಟಬೇಕು. ಊರಿನಲ್ಲಿ ಅವನ ಕುರ್ಚಿಯಿಲ್ಲದ ಕಚೇರಿಯಿಲ್ಲ. ನಗರಸಭೆಯ ಸಭಾಂಗಣದಲ್ಲಂತೂ ಅಧ್ಯಕ್ಷರ ದೊಡ್ಡ ಕುರ್ಚಿಯಿಂದ ಹಿಡಿದು ಅಹವಾಲು ಹೇಳಲು ಬರುವವರ ಕುರ್ಚಿಯವರೆಗೆ ಎಲ್ಲ ಅವನ ಕೈಯದೇ. ಬೆನ್ನು ಕೊಟ್ಟರೆ ಸಾಕು, ಎದ್ದೇಳಲು ಮನಸ್ಸೇ ಬರುವುದಿಲ್ಲ. ಅದು ಅವನ ಹೆಮ್ಮೆ.

ತಕರಾರು ಓದು ಮುಗಿಸಿ ನೌಕರಿ ಹುಡುಕುವ ಬದಲು ಊರಿನ ಉಸಾಬರಿಯನ್ನೆಲ್ಲ ತಲೆ ಮೇಲೆ ಹಾಕಿಕೊಂಡಳು. ದರ್ಜಿಯ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಯುವಕರ ಸಂಘ ಕಟ್ಟಿದಳು. ಬೀದಿ ದೀಪ ಉರಿಯದಿದ್ದರೆ ನಗರಸಭೆಗೆ ಅವಳೇ, ಬಸ್ ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ಬೀಗ ಬಿದ್ದರೆ ಅಲ್ಲಿಗೂ ಅವಳೇ. ಉದ್ಯಾನದ ಬೆಂಚಿನಲ್ಲಿ ಕೈ ಹಿಡಿದು ಕೂತಿದ್ದ ಇಬ್ಬರು ಯುವಕರನ್ನು ಪೊಲೀಸರು ಎಳೆದೊಯ್ದಾಗ, ಠಾಣೆಯ ಬಾಗಿಲಲ್ಲೇ ಠಿಕಾಣಿ ಹೂಡಿದಳು. "ಯಾವ ಕಾನೂನು ಮುರಿದ್ರು ಅಂತ ಹೇಳಿ ಸಾರ್, ಕೇಳ್ಕೊಂಡು ಹೋಗ್ತೀನಿ," ಎಂಬ ಒಂದೇ ಮಾತನ್ನು ಎಷ್ಟು ಸಲ ಹೇಳಿದಳೆಂದರೆ, ಠಾಣೆಯವರಿಗೆ ತಲೆ ಚಿಟ್ಟು ಹಿಡಿದು ಇಬ್ಬರನ್ನೂ ಬಿಟ್ಟು ಕಳಿಸಿದರು. ಅಂದಿನಿಂದ ಊರಿನ ಅಂಥ ಹುಡುಗ ಹುಡುಗಿಯರಿಗೆಲ್ಲ ದರ್ಜಿಯ ಅಂಗಡಿಯ ಮೆಟ್ಟಿಲು ಗೊತ್ತಾಯಿತು.

ಅಂಥವರು ಎಂದರೆ ಎಂಥವರು? ಅವಳಂಥವರೇ. ಅದನ್ನು ಅವಳು ಮುಚ್ಚಿಡಲೂ ಇಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಯಾವುದೋ ಗಂಡಿನ ಮಾತು ತೆಗೆದಳು. ತಕರಾರು ತುತ್ತು ಕೆಳಗಿಟ್ಟು ಹೇಳಿಯೇಬಿಟ್ಟಳು: "ನಂಗೆ ಗಂಡು ನೋಡ್ಬೇಡಿ. ನಾನು ಒಬ್ಬಳನ್ನ ಪ್ರೀತಿಸ್ತಿದೀನಿ. ಬಸ್ ಕಂಡಕ್ಟರ್. ಹುಡುಗಿ."

ಅಮ್ಮ "ಅಯ್ಯೋ ದೇವರೇ" ಎಂದಳು, ಅತ್ತಳು, ಬೈದಳು, ಮತ್ತೆ ಅತ್ತಳು, ಕೊನೆಗೆ "ಅವಳ ಕೆಲಸ ಕಾಯಂ ತಾನೇ?" ಎಂದು ಕೇಳಿದಳು. ಅಮ್ಮನ ಸಿಟ್ಟು ಅಷ್ಟೇ. ಅಪ್ಪ ಮಾತ್ರ ಊಟ ಮುಗಿಸಿ, ಕೈ ತೊಳೆದು, ಅಂಗಡಿಗೆ ಹೋಗಿ ಕೂತ. ಆವತ್ತಿನಿಂದ ಮಗಳ ಜೊತೆ ನೇರ ಮಾತು ಬಂದ್!

ಮನೆಯಿಂದ ಹೊರಗೆ ಹಾಕಲಿಲ್ಲ, ಅದು ನಿಜ. ಆದರೆ ಇದೇನು ಕಡಿಮೆ ಶಿಕ್ಷೆಯೇ? ಮಗಳು ಎದುರಿಗೇ ಇದ್ದರೂ ಹೆಂಡತಿಯ ಕಡೆ ತಿರುಗಿ, "ಅವಳಿಗೆ ಹೇಳು, ಊಟ ಆರ್ತಿದೆ," ಎನ್ನುವನು. "ಅವಳಿಗೆ ಹೇಳು, ಛತ್ರಿ ತಗೊಂಡು ಹೋಗ್ಲಿ," ಎನ್ನುವನು. ಅಮ್ಮನಿಗೆ ರೋಸಿಹೋಗಿ, "ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ? ಮೂಗಿನ ಮುಂದೇನೇ ಇದಾಳೆ, ಬಾಯಿ ಬಿಟ್ಟು ಹೇಳ್ರೀ!" ಎಂದು ರೇಗುವಳು. ಅಪ್ಪ ಬೆತ್ತ ಎಳೆಯುತ್ತಲೇ ಇರುವನು. ಊರೆಲ್ಲ ತಕರಾರು ತಕರಾರು ಎಂದು ಕರೆಯುತ್ತಿತ್ತು, ಆ ಹೆಸರನ್ನು ಇಟ್ಟವನ ಬಾಯಲ್ಲಿ ಮಾತ್ರ ಅದು ಕೇಳಿಸುತ್ತಿರಲಿಲ್ಲ. ಠಾಣೆಯ ಮುಂದೆ ಹೆದರದವಳು ಇದಕ್ಕೆ ಸ್ನಾನದ ಕೋಣೆಯ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಇರಲಿ, ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಘದ ಕೋಣೆಯಲ್ಲಿ ಜನ ಹೆಚ್ಚಾಗುತ್ತಾ ಹೋದರು. ಮನೆಯವರು ಹೊರಗೆ ಹಾಕಿದವರು ಇನ್ನೆಲ್ಲಿಗೆ ಹೋಗಬೇಕು? ಚಾಪೆ ಹಾಸಿದರೆ ಕಾಲಿಡಲು ಜಾಗವಿರಲಿಲ್ಲ. ನರ್ಸಿಂಗ್ ಕಲಿಯುತ್ತಿದ್ದ ಒಬ್ಬ ಹುಡುಗಿಯೂ ಅಲ್ಲೇ ಇದ್ದಳು. ಎಲ್ಲರೂ ಅವಳನ್ನು ನರ್ಸಮ್ಮ ಎನ್ನುತ್ತಿದ್ದರು. ಅವಳು ಇಷ್ಟಪಟ್ಟದ್ದು ಹುಡುಗಿಯನ್ನು ಎಂದು ತಿಳಿದ ದಿನವೇ ಅಣ್ಣ ಅವಳ ಪೆಟ್ಟಿಗೆಯನ್ನು ಬೀದಿಗೆ ಎಸೆದಿದ್ದ. ಈಗ "ನಾನು ತೋರಿಸಿದ ಗಂಡನ್ನ ಒಪ್ಕೊಂಡ್ರೆ ಮಾತ್ರ ಬಾ" ಎಂದು ಹೇಳಿ ಕಳಿಸುತ್ತಿದ್ದ. ಇತ್ತ ದರ್ಜಿಯೂ ಒಂದು ದಿನ ತಲೆ ಕೆರೆದುಕೊಳ್ಳುತ್ತಾ ಬಂದ. "ತಪ್ಪು ತಿಳ್ಕೋಬೇಡಮ್ಮ. ಗಿರಾಕಿಗಳು ಒಂಥರಾ ಮಾತಾಡ್ತಾರೆ. ಬೇರೆ ಜಾಗ ನೋಡ್ಕೊಳ್ಳಿ." ಕೋಣೆ ಹೋದರೆ ನರ್ಸಮ್ಮ ಅಣ್ಣನ ಮನೆಗೆ ಹೋಗಿ ಅವನು ತೋರಿಸಿದವನಿಗೆ ಕೊರಳೊಡ್ಡಬೇಕು. ಬೇರೆ ದಾರಿಯಿರಲಿಲ್ಲ.

ಊರಿನ ಹಳೆಯ ನೀರು ಸರಬರಾಜು ಕಚೇರಿ ಖಾಲಿ ಬಿದ್ದಿತ್ತು. ಗಟ್ಟಿ ಗೋಡೆ, ನಾಲ್ಕಾರು ಕೋಣೆ, ಹಿಂದೆ ಅಂಗಳ. ಆಸರೆಯಿಲ್ಲದ ಯಾವ ಪ್ರಜೆಗೂ ನಗರಸಭೆ ತಲೆ ಮೇಲೊಂದು ಸೂರು ಕೊಡಬೇಕೆಂದು ನಿಯಮವೂ ಇತ್ತು. ಆ ಕಟ್ಟಡವನ್ನು ನಮಗೆ ಆಶ್ರಯಮನೆಯಾಗಿ ಕೊಡಿ ಎಂದು ಕೇಳಲು ತಕರಾರು ಅಹವಾಲು ಸಭೆಗೆ ಹೋದಳು.

ಆ ಸಭೆಯ ರೀತಿಯೇ ಬೇರೆ. ಹಿಂದಿನ ಕಾಲದಲ್ಲಿ ಯಾರೋ ಪುಣ್ಯಾತ್ಮರು ಒಂದು ಒಳ್ಳೆಯ ಪದ್ಧತಿ ಮಾಡಿಟ್ಟಿದ್ದರು: ಅಹವಾಲು ಹೇಳುವವರು ನಿಂತಿರುವಷ್ಟು ಹೊತ್ತು ಯಾರೂ ಅವರ ಮಾತನ್ನು ನಿಲ್ಲಿಸುವಂತಿಲ್ಲ. ಕೂತರೆ ಮಾತು ಮುಗಿಯಿತು ಎಂದು ಲೆಕ್ಕ. ಬಡಪಾಯಿಯ ಮಾತನ್ನು ನಡುವೆ ಕತ್ತರಿಸಬಾರದೆಂದು ಮಾಡಿದ್ದು. ಆದರೆ ಈಗಿನ ಅಧ್ಯಕ್ಷರಿದ್ದಾರಲ್ಲ, ಬೆಣ್ಣೆಯಂಥ ಮಾತಿನವರು. ಯಾರನ್ನೂ ಗದರಿದವರಲ್ಲ. ತಕರಾರು ಎದ್ದು ನಿಂತು ನಾಲ್ಕು ಮಾತು ಆಡುವಷ್ಟರಲ್ಲಿ ಅವರು ಮುಂದಕ್ಕೆ ಬಾಗಿ, "ಯಾಕಮ್ಮ ಬಿಸಿಲಲ್ಲಿ ಬಂದು ಪಾಪ ನಿಂತಿದೀಯಾ? ಕೂತ್ಕೊಂಡು ನಿಧಾನವಾಗಿ ಹೇಳಮ್ಮ. ಯಾರಲ್ಲಿ, ಇವರಿಗೆ ನೀರು ಕೊಡಿ," ಎಂದರು. ದೊಡ್ಡವರು ಕೂತ್ಕೋ ಎಂದರೆ ಕೂರಬೇಕೆಂದು ಅಮ್ಮ ಕಲಿಸಿದ್ದಳು. ಜಗತ್ತಿಗೆಲ್ಲ ತಕರಾರು ಮಾಡಿದವಳು ಅಮ್ಮನ ಆ ಒಂದು ಮಾತಿಗೆ ಮಾತ್ರ ಯಾವತ್ತೂ ತಕರಾರು ಮಾಡಿರಲಿಲ್ಲ. ಕೂತಳು!

ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು, "ಅರ್ಜಿದಾರರು ಕೂತಿದ್ದಾರೆ. ಅಹವಾಲು ಮುಗಿಯಿತು. ಮುಂದಿನವರು," ಎಂದ.

"ಅಯ್ಯೋ, ಇನ್ನೂ ಶುರುನೇ ಮಾಡಿಲ್ಲ ಸಾರ್!" ಎಂದು ಅವಳು ಎದ್ದಳು. ಎದ್ದರೇನು ಬಂತು? ಒಂದು ಸಭೆಯಲ್ಲಿ ಒಂದೇ ಸಲ. ಅಧ್ಯಕ್ಷರು ತುಂಬಾ ಬೇಸರದ ಮುಖ ಮಾಡಿ, "ನಿಯಮ ಅಲ್ವೇನಮ್ಮ? ಮುಂದಿನ ಸಭೆಗೆ ಬಾ. ಆಗ್ಲೂ ಆಗ್ಲಿಲ್ಲ ಅಂದ್ರೆ ಆ ಕಟ್ಟಡನ ಗುಜರಿ ಸಾಮಾನಿಗೆ ಗೋದಾಮು ಮಾಡ್ಬೇಕು ಅಂತಿದೀವಿ," ಎಂದರು. ಹೊಟ್ಟೆ ಉರಿಯುವುದಿಲ್ಲವೇ ಹೇಳಿ? ಬೈದು ಓಡಿಸಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು.

ಮನೆಗೆ ಬಂದು ಅಮ್ಮನ ಮುಂದೆ ಎಲ್ಲ ಕಕ್ಕಿದಳು. ಮುಂದಿನ ಕೋಣೆಯಲ್ಲಿ ಅಪ್ಪನ ಕೈ ನಿಂತಿತು. ಅಲ್ಲಿಂದಲೇ ಅವನ ದನಿ ಬಂತು. "ಅವಳಿಗೆ ಹೇಳು, ಆ ಕುರ್ಚಿ ನಾನೇ ಹೆಣೆದಿದ್ದು." ಅಮ್ಮ, "ಅದಕ್ಕೇನೀಗ?" ಎಂದಳು. ಅಪ್ಪ ಬೆತ್ತವನ್ನು ಎಷ್ಟು ಜೋರಾಗಿ ಎಳೆದನೆಂದರೆ, ಅದು ಪಟ್ಟೆಂದು ತುಂಡಾಯಿತು.

ಮುಂದಿನ ಸಭೆಯವರೆಗೆ ದರ್ಜಿಯನ್ನು ಹೇಗೋ ಒಪ್ಪಿಸಿದ್ದಾಯಿತು. ಇನ್ನು ನಿಲ್ಲುವುದನ್ನು ಕಲಿಯಬೇಕಿತ್ತು. ಅದಕ್ಕೆ ಗುರು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ. ಕಂಡಕ್ಟರ್ ಹುಡುಗಿ ಬೆಳಗಿನಿಂದ ಸಂಜೆವರೆಗೆ ನಿಂತೇ ದುಡಿಯುವವಳು. ತನ್ನ ಬಸ್ಸಿಗೇ ತಕರಾರನ್ನು ಹತ್ತಿಸಿಕೊಂಡು ನಡುವಿನ ದಾರಿಯಲ್ಲಿ ನಿಲ್ಲಿಸಿದಳು.

"ಕಂಬಿ ಬಿಡು. ಮಂಡಿ ಬಿಗಿಹಿಡೀಬೇಡ, ಸ್ವಲ್ಪ ಸಡಿಲ ಬಿಡು. ಭಾರ ಒಂದ್ಸಲ ಈ ಕಾಲಿಗೆ, ಒಂದ್ಸಲ ಆ ಕಾಲಿಗೆ."

"ಬ್ರೇಕ್ ಹಾಕಿದ್ರೆ?"

"ಬೀಳ್ತೀಯ. ಎದ್ದು ಮತ್ತೆ ನಿಂತ್ಕೋತೀಯ. ರೀ, ಮುಂದೆ ಹೋಗ್ರೀ, ಬಾಗಿಲಲ್ಲಿ ಏನು ಮನೆ ಕಟ್ತೀರಾ?" ಕೊನೆಯ ಮಾತು ಪ್ರಯಾಣಿಕರಿಗೆ.

ಸಂಘದ ಕೋಣೆಯಲ್ಲೂ ಇದೇ ಪಾಠ. ಅವಳು ಭಾಷಣ ಅಭ್ಯಾಸ ಮಾಡುವಾಗ ಸುತ್ತಲಿದ್ದವರು, "ಕೂತ್ಕೋ, ಸುಸ್ತಾಗಿದೀಯ," "ಬಾ, ಫ್ಯಾನಿನ ಕೆಳಗೆ ಕೂತ್ಕೋ," ಎಂದು ಉಪಚಾರ ಮಾಡಬೇಕು, ಅವಳು ಕೂರಬಾರದು. ಎಲ್ಲರನ್ನೂ ಗೆದ್ದಳು. ನರ್ಸಮ್ಮ ಒಂದು ಲೋಟ ಚಹಾ ಹಿಡಿದು ಬಂದು, "ಅಕ್ಕಾ, ಕೂತ್ಕೊಂಡು ಕುಡೀರಿ," ಎಂದಾಗ ಮಾತ್ರ "ಅಬ್ಬಾ, ತಾ ತಾಯಿ" ಎಂದು ಧೊಪ್ಪನೆ ಕೂತುಬಿಟ್ಟಳು. ಕೋಣೆಯೆಲ್ಲ ನಗು. ಕಂಡಕ್ಟರ್ ಹುಡುಗಿ ಹಣೆ ಚಚ್ಚಿಕೊಂಡು, "ಮತ್ತೆ ಮೊದಲಿಂದ!" ಎಂದಳು.

ಇನ್ನೊಂದು ತೊಡಕಿತ್ತು. ಅಹವಾಲು ಮತಕ್ಕೆ ಬರಬೇಕಾದರೆ ಆ ಬಡಾವಣೆಯಲ್ಲಿ ಸ್ವಂತ ಮನೆಯಿರುವ ಒಬ್ಬರಾದರೂ ಅರ್ಜಿದಾರರ ಪಕ್ಕದಲ್ಲಿ ನಿಂತು ಒಪ್ಪಿಗೆ ಹೇಳಬೇಕು. ಅವರೂ ಮತ ಮುಗಿಯುವವರೆಗೆ ಕೂರುವಂತಿಲ್ಲ. ಸಂಘದವರಿಗೆ ಸ್ವಂತ ಚಾಪೆಯಿದ್ದರೆ ಹೆಚ್ಚು, ಮನೆ ಎಲ್ಲಿಂದ ಬರಬೇಕು? ತಕರಾರು ಬಾಗಿಲು ಬಾಗಿಲು ತಟ್ಟಿದಳು. ಅವಳಿಂದ ದೀಪ ಹಾಕಿಸಿಕೊಂಡವರು, ಚರಂಡಿ ಕಟ್ಟಿಸಿಕೊಂಡವರು ಎಲ್ಲರೂ, "ನೀನು ಒಳ್ಳೆ ಹುಡುಗಿನೇ, ಆದ್ರೆ ಇದು..." ಎಂದು ಮಾತು ನುಂಗಿದರು. ಕೊನೆಗೆ ನಿವೃತ್ತ ಹೆಡ್‌ಮಾಸ್ತರು ಒಪ್ಪಿದರು. "ನಿನಗೆ ಅಕ್ಷರ ಕಲಿಸಿದವನು ನಾನು. ಬರ್ತೀನಿ," ಎಂದರು. ಅಪ್ಪನನ್ನು ಅವಳು ಕೇಳಲಿಲ್ಲ. ಕೇಳುವುದಾದರೂ ಹೇಗೆ, ಅಮ್ಮನ ಮೂಲಕವೇ?

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಸಂಘದವರು ಗೋಡೆಗೊರಗಿ ನಿಂತಿದ್ದರು, ನರ್ಸಮ್ಮ ತನ್ನ ಬಿಳಿ ಸಮವಸ್ತ್ರದಲ್ಲೇ ಬಂದಿದ್ದಳು, ಕಂಡಕ್ಟರ್ ಹುಡುಗಿ ರಜೆ ಹಾಕಿದ್ದಳು. ತಕರಾರು ಮುಂದೆ ಬಂದು, ಬೆತ್ತದ ಕುರ್ಚಿಯನ್ನು ಒಂದು ಮಾರು ಆಚೆ ಸರಿಸಿ, ಮಂಡಿ ಸಡಿಲ ಬಿಟ್ಟು ನಿಂತಳು. ಪಕ್ಕದಲ್ಲಿ ಹೆಡ್‌ಮಾಸ್ತರು ಕೋಲೂರಿ ನಿಂತರು.

"ಕೂತ್ಕೊಂಡು ಹೇಳಮ್ಮ," ಎಂದರು ಅಧ್ಯಕ್ಷರು.

"ಬೇಡ ಸಾರ್. ಅಭ್ಯಾಸ ಆಗಿದೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳು ಹೇಳತೊಡಗಿದಳು. ಪೆಟ್ಟಿಗೆ ಬೀದಿಗೆ ಬಿದ್ದ ದಿನ ನರ್ಸಮ್ಮ ಬಸ್ ನಿಲ್ದಾಣದಲ್ಲಿ ಹೇಗೆ ಕೂತಿದ್ದಳು, ಆಸರೆ ಕೊಡುತ್ತೇವೆಂದು ಬಂದವರು ಎಂಥವರು, ಯಾರ ಮನೆಯ ಮಕ್ಕಳು ಇವರೆಲ್ಲ. ನಗರಸಭೆಯ ನಿಯಮದಲ್ಲಿ "ಯಾವ ಪ್ರಜೆಗೂ" ಎಂದಿದೆ, "ಇಂಥವರನ್ನು ಬಿಟ್ಟು" ಎಂದು ಎಲ್ಲೂ ಇಲ್ಲ. ಅಧ್ಯಕ್ಷರು ನೀರು ಕಳಿಸಿದರು, ನಿಂತೇ ಕುಡಿದಳು. ಫ್ಯಾನನ್ನು ಅವಳ ಕಡೆ ತಿರುಗಿಸಿದರು; "ಉಪಕಾರ ಆಯ್ತು ಸಾರ್" ಎಂದು ಮುಂದುವರಿಸಿದಳು. ಅವರ ಬೇಳೆ ಬೇಯಲಿಲ್ಲ.

ಆಗ ದಪ್ಪ ಮೀಸೆಯ ಸದಸ್ಯರೊಬ್ಬರು ತಡೆಯಲಾರದೆ, "ಇಂಥವರಿಗೆಲ್ಲ ಮನೆ ಮಾಡ್ಕೊಟ್ರೆ ನಮ್ಮ ಮಕ್ಕಳು ಕೆಟ್ಟುಹೋಗಲ್ವಾ?" ಎಂದರು.

ತಕರಾರು ಅವರ ಕಡೆ ತಿರುಗಿದಳು. "ಸಾರ್, ನಿಮ್ಮ ಬೀದಿ ಕತ್ತಲಾಗಿತ್ತು. ನಿಮ್ಮ ಮಗಳು ಟ್ಯೂಷನ್‌ನಿಂದ ಬರೋಕೆ ಹೆದರ್ತಿದ್ಳು. ನಾನು ಬಂದು ಜಗಳ ಆಡಿ ದೀಪ ಹಾಕಿಸ್ದೆ. ಆವತ್ತು ನಾನು ಯಾರನ್ನ ಪ್ರೀತಿಸ್ತೀನಿ ಅಂತ ನೀವು ಕೇಳ್ಲಿಲ್ಲ. ದೀಪ ಹತ್ತಿದಾಗ ನಿಮ್ಮ ಮಗಳು ಕೆಡ್ಲೂ ಇಲ್ಲ."

ಸದಸ್ಯರು ಮೀಸೆ ಸವರಿಕೊಂಡು ಕೆಳಗೆ ನೋಡಿದರು. ಅಧ್ಯಕ್ಷರಿಗೆ ಗಾಳಿ ಬೀಸುವ ದಿಕ್ಕು ಗೊತ್ತಾಯಿತು. ಅವಳನ್ನು ಬಿಟ್ಟು ಪಕ್ಕಕ್ಕೆ ನೋಡಿ, ಬಾಯಿ ತುಂಬ ಅಕ್ಕರೆ ತುಂಬಿಕೊಂಡು, "ಅಯ್ಯೋ ಮೇಷ್ಟ್ರೇ! ನಿಮ್ಮನ್ನ ಗಮನಿಸ್ಲೇ ಇಲ್ಲವಲ್ಲ. ಈ ಮಂಡಿ ನೋವಿನಲ್ಲಿ ಇಷ್ಟು ಹೊತ್ತು... ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು.

"ಪರವಾಗಿಲ್ಲ, ಪರವಾಗಿಲ್ಲ," ಎನ್ನುತ್ತಾ ಹೆಡ್‌ಮಾಸ್ತರು ಅಭ್ಯಾಸಬಲದಿಂದ ಕೂತೇಬಿಟ್ಟರು.

ಹೆಡ್‌ಮಾಸ್ತರು ಏನಾಯಿತೆಂದು ತಿಳಿದು "ಅಯ್ಯಯ್ಯೋ" ಎಂದು ತಲೆ ಮೇಲೆ ಕೈ ಹೊತ್ತರು. ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡ. "ಒಪ್ಪಿಗೆ ಕೊಟ್ಟವರು ಕೂತಿದ್ದಾರೆ. ಸ್ವಂತ ಮನೆಯವರು ಬೇರೆ ಯಾರಾದರೂ ನಿಲ್ಲುತ್ತಾರೆಯೇ? ಇಲ್ಲವಾದರೆ ಈ ಅಹವಾಲು ಇಲ್ಲಿಗೆ ಮುಗಿಯಿತು." ಸಭಾಂಗಣದ ತುಂಬ ಸ್ವಂತ ಮನೆಯವರಿದ್ದರು. ಎಲ್ಲರಿಗೂ ಅದೇ ಹೊತ್ತಿಗೆ ಚಪ್ಪಲಿ ನೋಡಿಕೊಳ್ಳುವ ಕೆಲಸ ಬಂದಿತ್ತು. ನರ್ಸಮ್ಮ ಗೋಡೆಗೆ ಮುಖ ತಿರುಗಿಸಿದಳು. ಇಷ್ಟೆಲ್ಲ ನಿಂತದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ತಕರಾರಿಗೆ ಅನ್ನಿಸಿತು.

"ನಂದೊಂದು ಮನೆ ಇದೆ."

ದನಿ ಹಿಂದಿನ ಜಗಲಿಯ ಬಾಗಿಲಿನಿಂದ ಬಂತು. ರಿಪೇರಿ ಮಾಡಿದ ನಗರಸಭೆಯ ಎರಡು ಕುರ್ಚಿಗಳನ್ನು ಹೆಗಲಿಗೆ ಸಿಕ್ಕಿಸಿಕೊಂಡು ಅಪ್ಪ ನಿಂತಿದ್ದ. ಆ ಕುರ್ಚಿಗಳು ತಯಾರಾಗಿ ಎಷ್ಟೋ ಕಾಲವಾಗಿತ್ತು. "ಕೊಟ್ಟು ಬನ್ನಿ, ಕಾಲಿಗೆ ತೊಡರ್ತವೆ," ಎಂದು ಅಮ್ಮ ದಿನಾ ಗೊಣಗುತ್ತಿದ್ದರೂ "ಕೊಡೋಣ, ಕೊಡೋಣ" ಎಂದು ಮುಂದೂಡುತ್ತಲೇ ಬಂದಿದ್ದ. ಸಭೆಗೆ ಬರಲು ನೆಪವಾಗಲೆಂದು ಈ ದಿನಕ್ಕೇ ಇಟ್ಟುಕೊಂಡಿದ್ದನೆಂದು ಅಮ್ಮನಿಗೂ ತಿಳಿದಿರಲಿಲ್ಲ. ಕುರ್ಚಿಗಳನ್ನು ಬಾಗಿಲಲ್ಲೇ ಇಳಿಸಿ, ಜನರ ನಡುವೆ ದಾರಿ ಮಾಡಿಕೊಂಡು ಬಂದು ಮಗಳ ಪಕ್ಕ ನಿಂತ. ಅಂಗಿಗೆ ಬೆತ್ತದ ಸಿಪ್ಪೆ ಹತ್ತಿತ್ತು.

ಅಧ್ಯಕ್ಷರು ಇನ್ನೊಮ್ಮೆ ಪ್ರಯತ್ನಿಸಿದರು. "ಓಹೋ, ನೀವಾ! ಬನ್ನಿ ಬನ್ನಿ. ನೀವೇ ಹೆಣೆದ ಕುರ್ಚಿ, ಒಂದ್ಸಲ ನೀವೂ ಕೂತು ನೋಡಿ."

"ಹೆಣೆದವನು ನಾನೇ ಸ್ವಾಮಿ," ಎಂದ ಅಪ್ಪ. "ಎಷ್ಟು ಸುಖವಾಗಿದೆ ಅಂತ ನಂಗೊತ್ತು. ನಿಂತಿರ್ತೀನಿ. ನನ್ನ ಒಪ್ಪಿಗೆ ಇದೆ."

ಆಮೇಲೆ ಮಗಳ ಕಡೆ ತಿರುಗಿದ. ನಡುವೆ ಅಮ್ಮ ಇರಲಿಲ್ಲ. "ಮುಂದೆ ಹೇಳು, ತಕರಾರು," ಎಂದ.

ಅವಳಿಗೆ ಅಳು ಉಕ್ಕಿ ಬಂತು. ಬಸ್ಸಿನ ಬ್ರೇಕಿಗೂ ಬೀಳದ ಕಾಲುಗಳು ಆ ಒಂದು ಮಾತಿಗೆ ನಡುಗಿದವು. ಅಪ್ಪ ಅವಳ ಮೊಳಕೈ ಹಿಡಿದುಕೊಂಡ. ಅವಳು ಕಣ್ಣೊರೆಸಿಕೊಂಡು, ಮೂಗೇರಿಸಿ, ಹೇಳಬೇಕಾದ್ದನ್ನೆಲ್ಲ ಕೊನೆಯವರೆಗೆ ಹೇಳಿದಳು.

ಮತಕ್ಕೆ ಹಾಕಿದರು. ಮೊದಲು ಮಹಿಳಾ ಸದಸ್ಯರ ಸಾಲಿನಿಂದ ಒಂದು ಕೈ ಎದ್ದಿತು, ಅದರ ಪಕ್ಕದ್ದು, ಅದರ ಹಿಂದಿನದು. ದಪ್ಪ ಮೀಸೆಯವರು ಕೈ ಎತ್ತಲೋ ಬೇಡವೋ ಎಂದು ಕಿವಿ ಕೆರೆದುಕೊಂಡು, ಕೆರೆದ ಕೈಯನ್ನೇ ಮೇಲಕ್ಕೆತ್ತಿದರು. ಕಾರ್ಯದರ್ಶಿ ಎಣಿಸಿದ, ನಂಬದೆ ಇನ್ನೊಮ್ಮೆ ಎಣಿಸಿದ, "ಅಂಗೀಕಾರವಾಗಿದೆ," ಎಂದ. ಗೋಡೆಯ ಸಾಲು ಹೋ ಎಂದು ಕೂಗಿತು. ನರ್ಸಮ್ಮ ಓಡಿಬಂದು ತಕರಾರನ್ನು ತಬ್ಬಿದಳು. ಕಂಡಕ್ಟರ್ ಹುಡುಗಿ ಜೇಬಿನಿಂದ ಸೀಟಿ ತೆಗೆದು ಊದಿಯೇಬಿಟ್ಟಳು, ಬೀದಿಯಲ್ಲಿ ಹೋಗುತ್ತಿದ್ದ ಬಸ್ಸೊಂದು ಗಕ್ಕನೆ ನಿಂತಿತಂತೆ. ಅಧ್ಯಕ್ಷರೂ ಚಪ್ಪಾಳೆ ತಟ್ಟಿದರು. ಅವರು ಯಾವತ್ತೂ ಗೆದ್ದವರ ಕಡೆಯೇ.

ಬೀಗದ ಕೈ ಸಿಕ್ಕಿತು. ಹಳೆಯ ಕಚೇರಿಯ ಧೂಳು ಹೊಡೆದು, ಗೋಡೆಗೆ ಸುಣ್ಣ ಬಳಿದದ್ದಾಯಿತು. ನರ್ಸಮ್ಮ ತನ್ನ ಪೆಟ್ಟಿಗೆಯನ್ನು ಬೆಳಕು ಚೆನ್ನಾಗಿ ಬರುವ ಕೋಣೆಯಲ್ಲಿಟ್ಟಳು. ಅಣ್ಣನ ಆಳು ಮತ್ತೆ ಬಂದಾಗ ಅವಳೇ ಬಾಗಿಲಿಗೆ ಹೋಗಿ, "ನನ್ನ ಮನೆ ಇಲ್ಲೇ ಇದೆ ಅಂತ ಹೇಳು," ಎಂದು ಕಳಿಸಿದಳು. ತಕರಾರು ಈಗ ಅದೇ ಸಭಾಂಗಣದಲ್ಲಿ, ಕೂತವರ ಮಾತು ಯಾಕೆ ಮುಗಿದಂತೆ ಎಂದು ಹೊಸ ತಕರಾರು ತೆಗೆದಿದ್ದಾಳೆ.

ಗೆದ್ದ ಆ ದಿನ ಊಟಕ್ಕೆ ಮೂವರೂ ಕೂತಿದ್ದರು. ಅಪ್ಪ ಅಭ್ಯಾಸದಂತೆ ಅಮ್ಮನ ಕಡೆ ತಿರುಗಿ, "ಅವಳಿಗೆ ಹೇಳು..." ಎಂದು ಶುರುಮಾಡಿದ. ಅಮ್ಮ ಸೌಟು ಎತ್ತಿ ಹಿಡಿದು, "ಎಕ್ಸ್‌ಚೇಂಜ್ ಮುಚ್ಚಿದೆ," ಎಂದಳು. ಅಪ್ಪ ನಾಚಿಕೊಂಡು ಮಗಳನ್ನು ನೋಡಿದ.

"ಆ ಸೀಟಿ ಊದಿದ್ಳಲ್ಲ, ಅವಳೇನಾ?"

"ಅವಳೇ ಅಪ್ಪ."

"ದಿನವಿಡೀ ನಿಂತೇ ಇರ್ತಾಳೆ, ಅಲ್ವಾ?"

"ಹೂಂ."

ಅಪ್ಪ ಎದ್ದು ಅಂಗಡಿಯ ಕೋಣೆಗೆ ಹೋದ. ಯಾರಿಗೂ ಮಾರದೆ ತನಗೆಂದೇ ಇಟ್ಟುಕೊಂಡಿದ್ದ ಬೆತ್ತದ ಕುರ್ಚಿಯನ್ನು ತಂದು, ಒದ್ದೆ ಬಟ್ಟೆಯಿಂದ ಒರೆಸಿ, ಊಟದ ಮನೆಯ ಬಾಗಿಲ ಪಕ್ಕ ಇಟ್ಟ.

"ನಾಳೆ ಬರೋಕೆ ಹೇಳು," ಎಂದ. "ಬಂದು ಕೂತ್ಕೊಳ್ಳಲಿ."